91 ಅಂದರೆ ಯಾವ 91?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಎಂಜಿನ್ ನಾಕಿಂಗ್ ಬಗ್ಗೆ, ಅಂದರೆ ಸಿಲಿಂಡರಿನ ಒಳಗೆ ಇಂಧನ ತಾನಾಗಿ ಹೊತ್ತಿಕೊಂಡು ಬಡಿಯುವುದರ ಬಗ್ಗೆ, ಒಂದು ಬರಹ ಬಂದಿತ್ತು. ಎಂಜಿನ್ ಟಕಟಕ ಅಂದರೆ ಹೆಚ್ಚು ಆಕ್ಟೇನ್ (ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣದ ಅಂಕಿ) ಇರುವ ಪೆಟ್ರೋಲ್ ಹಾಕಿಸಿ, ಸರಿಹೋಗುತ್ತದೆ ಅನ್ನುವುದು ಅದರ ಸಾರ. ತಪ್ಪು ಅಂತ ಹೇಳಲಾರೆ. ಆದರೆ ಅದು ಅರ್ಧ ಮಾತು. ಹೆಚ್ಚು ಆಕ್ಟೇನ್ ಸಿಗದ ಕಡೆ ಏನು ಮಾಡಬೇಕು? ಪಂಪಿನ ಮೇಲೆ ಬರೆದಿರುವ ಅಂಕಿ ಯಾವ ಲೆಕ್ಕದ್ದು? ಈ ಎರಡು ಪ್ರಶ್ನೆ ಕೇಳಿಕೊಳ್ಳದೆ ನಾನು ಒಂದು ಎಂಜಿನ್ ಕೆಡಿಸಿಕೊಂಡೆ. ಅದಕ್ಕೇ ಈ ಪತ್ರ. ಉದ್ದವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಎಂಜಿನ್ ಬೋರಿಂಗ್ ಕೆಲಸದವನು, ಅಂದರೆ ಸವೆದ ಎಂಜಿನ್ನಿನ ಭಾಗಗಳನ್ನು ಕಡೆದು ಸರಿಮಾಡುವವನು. ಮೂವತ್ತೊಂದು ವರ್ಷದಿಂದ ಸಿಲಿಂಡರ್ ಬೋರ್ ಮಾಡುವುದು, ಹೋನಿಂಗ್, ಹೆಡ್ ಫೇಸಿಂಗ್, ಕ್ರ್ಯಾಂಕ್ ಗ್ರೈಂಡಿಂಗ್. ಬೇರೆ ಕೆಲಸ ಗೊತ್ತಿಲ್ಲ. ಯಾರಾದರೂ ಮುರಿದ ಪಿಸ್ಟನ್ ಹಿಡಿದುಕೊಂಡು ಬಂದರೆ, ಇದು ನಾಕಿಂಗಿನಿಂದ ಹೋದದ್ದು, ಇದು ಆಯಿಲ್ ಇಲ್ಲದೆ ಹಿಡಿದದ್ದು, ಇದು ಮಿಕ್ಸ್ಚರ್ ಲೀನ್ ಆಗಿ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ) ಕರಗಿದ್ದು ಅಂತ ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದೆ. ಸ್ವಲ್ಪ ಜಂಬವೂ ಇತ್ತು ಅನ್ನಿ. ಕೊನೆಗೆ ನನ್ನದೇ ಪಿಸ್ಟನ್ ನನ್ನದೇ ಮೇಜಿನ ಮೇಲೆ ಬಂದು ಕೂತಿತು.

ನನ್ನದು ಪಿಕಪ್ ಟ್ರಕ್, ಪೆಟ್ರೋಲಿನದು. ಟ್ರಕ್ ಅಂದ ಕೂಡಲೇ ಡೀಸೆಲ್ ಲಾರಿ ಅಂದುಕೊಳ್ಳಬೇಡಿ. ಡೀಸೆಲ್‌ಗೆ ಆಕ್ಟೇನಿನ ಗೊಡವೆಯೇ ಇಲ್ಲ. ಅಲ್ಲಿ ಇಂಧನ ತಾನಾಗಿ ಹೊತ್ತಿಕೊಳ್ಳಬೇಕು, ಇಲ್ಲಿ ತಾನಾಗಿ ಹೊತ್ತಿಕೊಳ್ಳಲೇಬಾರದು. ನನ್ನ ಗಾಡಿಯದು ಎಂಟು ಸಿಲಿಂಡರ್, ಐದು ಲೀಟರ್ ಚಿಲ್ಲರೆ. ಯಂತ್ರ ಹೇರಿದ ಟ್ರೇಲರ್ ಎಳೆಯುವುದೇ ಅದರ ಕೆಲಸ. ನಾಲ್ಕು ವರ್ಷದ ಹಿಂದೆ ಅದಕ್ಕೆ ಸೂಪರ್‌ಚಾರ್ಜರ್ ಹಾಕಿದೆ. ರೂಟ್ಸ್ ಮಾದರಿಯದು. ಕ್ರ್ಯಾಂಕಿನಿಂದ ಬೆಲ್ಟ್ ಹೋಗಿ ಎರಡು ರೋಟರ್ ತಿರುಗಿಸುತ್ತದೆ, ಅವು ಗಾಳಿಯನ್ನು ಎಂಜಿನ್ನಿಗೆ ತುರುಕುತ್ತವೆ. 1860ರಲ್ಲಿ ರೂಟ್ಸ್ ಸಹೋದರರು ಪೇಟೆಂಟ್ ಮಾಡಿದ ಬ್ಲೋವರಿನ ಮೊಮ್ಮಗ ಇದು. ಆಗ ಕಾರೇ ಇರಲಿಲ್ಲ!

ಸೂಪರ್‌ಚಾರ್ಜರ್ ಹಾಕುವ ಕೆಲಸ ನಾನೇ ಮಾಡಿದೆ. ಎಂಜಿನ್ನಿನ ಕಂಪ್ಯೂಟರ್ ಹೊಂದಿಸುವ ಕೆಲಸ ನನಗೆ ಬರುತ್ತಿರಲಿಲ್ಲ. ಎಷ್ಟು ಇಂಧನ, ಎಷ್ಟು ಟೈಮಿಂಗ್ (ಪ್ಲಗ್ ಯಾವಾಗ ಕಿಡಿ ಹಾರಿಸಬೇಕು) ಅನ್ನುವ ಲೆಕ್ಕದ ಫೈಲನ್ನು, ಆ ಹೊಂದಾಣಿಕೆ ಮಾಡಿಕೊಡುವ ದೂರದ ಒಬ್ಬ ಟ್ಯೂನರ್ ಹತ್ತಿರ ದುಡ್ಡು ಕೊಟ್ಟು ತರಿಸಿಕೊಂಡೆ. ಈಮೇಲಿನಲ್ಲಿ ಬಂತು. ಹೆಸರು ಹೇಳುವುದಿಲ್ಲ, ಜಗಳ ನನಗೆ ಬೇಡ. ಫೈಲಿನ ಜೊತೆ ಒಂದೇ ಸಾಲು ಇತ್ತು: 91 ಆಕ್ಟೇನ್ ಪೆಟ್ರೋಲ್ ಬಳಸಿ. ನಾನು ಹಾಕಿಸುವ ಪಂಪಿನ ಮೇಲೆ ದಪ್ಪ ಅಕ್ಷರದಲ್ಲಿ 91 ಅಂತಲೇ ಇತ್ತು. ಇನ್ನೇನು ಬೇಕು, ಅಲ್ವಾ?

ಮೊದಲ ಕೆಲವು ತಿಂಗಳು ಖಾಲಿ ಗಾಡಿ ಓಡಿಸಿದೆ. ಖುಷಿಯೋ ಖುಷಿ. ಆಮೇಲೆ ಒಂದು ದಿನ ಎರಡು ಟನ್ ತೂಕದ ಟ್ರೇಲರ್ ಕಟ್ಟಿಕೊಂಡು ಉದ್ದನೆಯ ಏರು ಹತ್ತಿದೆ. ಮಧ್ಯಾಹ್ನದ ಬಿಸಿಲು. ಗಿಯರ್ ಇಳಿಸಲಿಲ್ಲ, ಬಲ ಇದೆಯಲ್ಲ ಅನ್ನುವ ಸೊಕ್ಕು. 2000 ಆರ್‌ಪಿಎಂ ಸುಮಾರಿಗೆ, ಪೆಡಲ್ ಪೂರ್ತಿ ಒತ್ತಿ, ಹನ್ನೊಂದು ನಿಮಿಷ. ಅರ್ಧ ದಾರಿಯಲ್ಲಿ ಹಂಚಿನ ಮೇಲೆ ಸಣ್ಣ ಆಲಿಕಲ್ಲು ಬಿದ್ದ ಹಾಗೆ ಸದ್ದು ಕೇಳಿಸಿತು. ಎಕ್ಸಾಸ್ಟ್ ಮೇಲಿನ ತಗಡು ಸಡಿಲವಾಗಿರಬೇಕು ಅಂದುಕೊಂಡೆ. ಮೂವತ್ತೊಂದು ವರ್ಷದ ಅನುಭವ ಹೀಗಂದುಕೊಂಡಿತು! ಸೂಪರ್‌ಚಾರ್ಜರಿನ ಕೂಗು, ಟ್ರೇಲರಿನ ಗಲಾಟೆ, ಮುಚ್ಚಿದ ಕಿಟಕಿ, ಎಲ್ಲ ಸೇರಿ ಆ ಸದ್ದನ್ನು ಮುಚ್ಚಿಬಿಟ್ಟವು. ಏರು ಮುಗಿಯುವ ಹೊತ್ತಿಗೆ ಗಾಡಿ ಕುಂಟತೊಡಗಿತು. ಹಿಂದೆ ನೀಲಿ ಹೊಗೆ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಕಟ್ಟುವ ಒತ್ತಡ, ನೋಡಿದೆ. ಎಂಟರಲ್ಲಿ ಏಳು ಸಿಲಿಂಡರುಗಳಲ್ಲಿ 160 ಪಿಎಸ್‌ಐ (ಒತ್ತಡದ ಅಳತೆ) ಹತ್ತಿರ ಇತ್ತು, ಏಳನೇ ನಂಬರಿನದರಲ್ಲಿ ಮಾತ್ರ 70. ಪ್ಲಗ್ ಬಿಚ್ಚಿದರೆ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ನಡುವೆ ಮಿಣಮಿಣ ಅನ್ನುವ ಅಲ್ಯೂಮಿನಿಯಂ ಕಣ. ಆ ಕಣ ಎಲ್ಲಿಂದ ಬಂತು ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೆಡ್ ತೆಗೆದೆ. ಪಿಸ್ಟನ್ನಿನ ಅಂಚು ಮರಳು ಬೀಸಿ ಉಜ್ಜಿದಂತೆ ಒರಟಾಗಿತ್ತು. ಮೊದಲನೇ ರಿಂಗಿಗೂ ಎರಡನೇ ರಿಂಗಿಗೂ ನಡುವಿನ ಪಟ್ಟಿ ಹೆಬ್ಬೆರಳಿನಷ್ಟು ಅಗಲಕ್ಕೆ ಮುರಿದು ಬಂದಿತ್ತು. ನಾಕಿಂಗಿನ ರುಜು ಅದು.

ಈಗ 91ರ ವಿಷಯಕ್ಕೆ ಬರುತ್ತೇನೆ. ನಿಮ್ಮ ಬರಹದಲ್ಲಿ ಬಿಟ್ಟುಹೋದದ್ದು ಇದೇ.

ಆಕ್ಟೇನ್ ಅಳೆಯಲು ಎರಡು ವಿಧಾನ ಇವೆ. ಒಂದು ರಿಸರ್ಚ್, ಇನ್ನೊಂದು ಮೋಟರ್. ಎರಡಕ್ಕೂ ಒಂದೇ ಸಿಲಿಂಡರಿನ, ಕಂಪ್ರೆಷನ್ ಬದಲಿಸಬಹುದಾದ ಪರೀಕ್ಷೆಯ ಎಂಜಿನ್ ಬಳಸುತ್ತಾರೆ. ರಿಸರ್ಚ್ ವಿಧಾನದಲ್ಲಿ ಎಂಜಿನ್ 600 ಆರ್‌ಪಿಎಂನಲ್ಲಿ ನಿಧಾನವಾಗಿ ತಿರುಗುತ್ತದೆ, ಒಳಗೆ ಹೋಗುವ ಗಾಳಿಯೂ ಅಷ್ಟೇನೂ ಬಿಸಿ ಇರುವುದಿಲ್ಲ. ಮೋಟರ್ ವಿಧಾನದಲ್ಲಿ 900 ಆರ್‌ಪಿಎಂ, ಗಾಳಿ ಇಂಧನದ ಮಿಶ್ರಣವನ್ನು 149 ಡಿಗ್ರಿಗೆ ಕಾಯಿಸಿ ಕಳಿಸುತ್ತಾರೆ. ಕಷ್ಟದ ಪರೀಕ್ಷೆ. ಹಾಗಾಗಿ ಒಂದೇ ಪೆಟ್ರೋಲಿಗೆ ಮೋಟರ್ ಅಂಕಿ ಎಂಟು ಹತ್ತು ಕಡಿಮೆ ಬರುತ್ತದೆ. ಪ್ರಪಂಚದ ಹೆಚ್ಚಿನ ದೇಶಗಳಲ್ಲಿ ಪಂಪಿನ ಮೇಲೆ ಬರೆಯುವುದು ರಿಸರ್ಚ್ ಅಂಕಿ. ಅಮೆರಿಕ, ಕೆನಡಾದಲ್ಲಿ ಬರೆಯುವುದು ಎರಡರ ಸರಾಸರಿ. ಅಲ್ಲಿನ 91 ಅಂದರೆ ರಿಸರ್ಚ್ ಲೆಕ್ಕದಲ್ಲಿ ಸುಮಾರು 95ರಿಂದ 96. ರಿಸರ್ಚ್ ಲೆಕ್ಕದ 91 ಅಂದರೆ ಅಲ್ಲಿನ ಸುಮಾರು 87.

ನನ್ನ ಫೈಲ್ ಸರಾಸರಿ ಲೆಕ್ಕದ 91ಕ್ಕೆ ಬರೆದದ್ದು. ನಾನು ತುಂಬಿಸಿದ್ದು ರಿಸರ್ಚ್ ಲೆಕ್ಕದ 91. ಅಂಕಿ ಒಂದೇ, ಪೆಟ್ರೋಲ್ ಬೇರೆ. ಟ್ಯೂನರ್ ಸುಳ್ಳು ಹೇಳಲಿಲ್ಲ. ಪಂಪೂ ಸುಳ್ಳು ಹೇಳಲಿಲ್ಲ. ಇಬ್ಬರ ನಡುವೆ ನನ್ನ ಏಳನೇ ಪಿಸ್ಟನ್ ಹೋಯಿತು.

ಈ ಅಂಕಿ ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. 1920ರ ದಶಕದಲ್ಲಿ ಗ್ರಹಾಂ ಎಡ್ಗರ್ ಅನ್ನುವ ರಸಾಯನ ವಿಜ್ಞಾನಿ ಎರಡು ಇಂಧನಗಳನ್ನು ಅಳತೆಗೋಲಾಗಿ ಇಟ್ಟರು. ನಾಕ್ ಮಾಡಲು ಮೊಂಡು ಹಿಡಿಯುವ ಐಸೋ ಆಕ್ಟೇನಿಗೆ 100. ಮುಟ್ಟಿದರೆ ನಾಕ್ ಮಾಡುವ ಹೆಪ್ಟೇನಿಗೆ ಸೊನ್ನೆ. ಆ ಹೆಪ್ಟೇನ್ ಆಗ ಬರುತ್ತಿದ್ದದ್ದು ಜೆಫ್ರಿ ಪೈನ್ ಅನ್ನುವ ಮರದ ಅಂಟಿನಿಂದ. ಅಂದರೆ ಆಕ್ಟೇನ್ ಅನ್ನುವುದು ಬಲದ ಅಳತೆ ಅಲ್ಲವೇ ಅಲ್ಲ. ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಅನ್ನುವ ಅಳತೆ. ಹೆಚ್ಚು ಆಕ್ಟೇನ್ ಹಾಕಿಸಿದರೆ ಗಾಡಿ ತಾನಾಗಿ ಜಾಸ್ತಿ ಓಡುತ್ತದೆ ಅನ್ನುವ ನಂಬಿಕೆ ನನ್ನ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಇದೆ. ಅವರ ಹತ್ತಿರ ವಾದ ಮಾಡಿ ಮಾಡಿ ಸುಸ್ತಾಗಿದ್ದೇನೆ.

ನಾಕಿಂಗ್ ಅಂದರೆ ಏನು ಅಂತ ಎರಡು ಮಾತು. ಪಿಸ್ಟನ್ ಮೇಲಕ್ಕೆ ಬಂದು ಮುಟ್ಟುವ ಸ್ವಲ್ಪ ಮೊದಲೇ ಪ್ಲಗ್ ಕಿಡಿ ಹಾರಿಸುತ್ತದೆ. ಬೆಂಕಿ ಅಲ್ಲಿಂದ ಹರಡುತ್ತಾ ಹೋಗುತ್ತದೆ. ಒಣಹುಲ್ಲಿಗೆ ಒಂದು ತುದಿಯಲ್ಲಿ ಬೆಂಕಿ ಇಟ್ಟ ಹಾಗೆ. ಹರಡುವಾಗ ಮುಂದಿರುವ, ಇನ್ನೂ ಉರಿಯದ ಮಿಶ್ರಣವನ್ನು ಅದು ಒತ್ತುತ್ತದೆ, ಕಾಯಿಸುತ್ತದೆ. ಮೂಲೆಯ ಆ ಮಿಶ್ರಣ ಬೆಂಕಿ ಬರುವವರೆಗೆ ಕಾಯಬೇಕು. ಕಾಯದೆ ಒಂದೇ ಸಲಕ್ಕೆ ಭಗ್ ಅಂದರೆ ಅದೇ ನಾಕ್. ಒತ್ತಡದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ನೂರು ಮಿಲಿಮೀಟರ್ ಬೋರಿನ ಎಂಜಿನ್ನಿನಲ್ಲಿ ಸೆಕೆಂಡಿಗೆ ಸುಮಾರು ಆರು ಸಾವಿರ ಕಂಪನ. ನಾವು ಕೇಳುವ ಟಕಟಕ ಅದೇ. ಲೋಹದ ಮೈಗೆ ಅಂಟಿಕೊಂಡು ಕಾಪಾಡುವ ತೆಳು ಗಾಳಿಯ ಪದರವನ್ನು ಆ ಅಲೆ ಕೆರೆದು ಹಾಕುತ್ತದೆ. ಬಿಸಿ ನೇರ ಪಿಸ್ಟನ್ನಿಗೆ ತಟ್ಟುತ್ತದೆ.

ಸೂಪರ್‌ಚಾರ್ಜರ್ ಇದ್ದರೆ ಈ ಕಾಟ ಯಾಕೆ ಜಾಸ್ತಿ? ಒತ್ತಡ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬಿಸಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ, ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು. ಹೊರಗೆ 30 ಡಿಗ್ರಿ ಇರುವಾಗ 8 ಪಿಎಸ್‌ಐ ಬೂಸ್ಟ್ (ಸೂಪರ್‌ಚಾರ್ಜರ್ ಸೇರಿಸುವ ಹೆಚ್ಚುವರಿ ಒತ್ತಡ) ಕೊಟ್ಟರೆ, ಒಂದಿಷ್ಟೂ ವ್ಯರ್ಥವಾಗದ ಕಂಪ್ರೆಸರಿನಲ್ಲೂ ಗಾಳಿ 40 ಡಿಗ್ರಿ ಏರುತ್ತದೆ. ರೂಟ್ಸ್ ಬ್ಲೋವರ್ ಅಷ್ಟು ಜಾಣ ಅಲ್ಲ. ಅದರ ದಕ್ಷತೆ ನೂರಕ್ಕೆ 60 ಅಂತ ಹಿಡಿದರೆ ಏರಿಕೆ 65 ಡಿಗ್ರಿ ದಾಟುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲದಿದ್ದರೆ ಸಿಲಿಂಡರಿಗೆ ಹೋಗುವುದು 95 ಡಿಗ್ರಿಯ ಗಾಳಿ. ಆ ಗಾಳಿಯನ್ನು ಪಿಸ್ಟನ್ ಮತ್ತೆ ಒಂಬತ್ತು ಹತ್ತು ಪಟ್ಟು ಒತ್ತುತ್ತದೆ. ಮೂಲೆಯ ಮಿಶ್ರಣ ಕಾಯಬೇಕು ಅಂದರೆ ಎಲ್ಲಿ ಕಾಯುತ್ತದೆ?

ಇಂಧನಕ್ಕೆ ತಕ್ಕ ಬೂಸ್ಟ್ ಅನ್ನುವುದು ಹೊಸ ಸಂಗತಿಯೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳ ಮರ್ಲಿನ್ ಎಂಜಿನ್ನಿಗೆ 87 ಆಕ್ಟೇನ್ ಇಂಧನದಲ್ಲಿ ಬೂಸ್ಟ್ ಮಿತಿ 6.25 ಪಿಎಸ್‌ಐ ಇತ್ತು. 1940ರಲ್ಲಿ 100 ಆಕ್ಟೇನ್ ಬಂದ ಮೇಲೆ ಅದನ್ನು 12ಕ್ಕೆ ಏರಿಸಿದರು. ಮುಖ್ಯವಾಗಿ ಬದಲಾದದ್ದು ಇಂಧನ. ಒಳ್ಳೆಯದು ಸಿಕ್ಕಾಗ ಏರಿಸಿದರು. ಅದಿಲ್ಲದಾಗ ಇಳಿಸಬೇಕು ಅನ್ನುವ ಇನ್ನೊಂದು ಪಾಲನ್ನು ನಾವು ಮರೆಯುತ್ತೇವೆ.

ಟ್ರಕ್ಕಿನ ಕಷ್ಟ ಕಾರಿನದಕ್ಕಿಂತ ಬೇರೆ. ಕಾರಿನವನು ಹತ್ತು ಸೆಕೆಂಡ್ ಪೆಡಲ್ ಒತ್ತುತ್ತಾನೆ, ಬಿಡುತ್ತಾನೆ. ಟ್ರೇಲರ್ ಎಳೆಯುವವನು ಹತ್ತು ನಿಮಿಷ ಒತ್ತಿಯೇ ಇರುತ್ತಾನೆ. ಅದೂ ಕಡಿಮೆ ಆರ್‌ಪಿಎಂನಲ್ಲಿ. ಎಂಜಿನ್ ನಿಧಾನ ತಿರುಗಿದಷ್ಟೂ ಮೂಲೆಯ ಮಿಶ್ರಣಕ್ಕೆ ಬೇಯಲು ಹೊತ್ತು ಜಾಸ್ತಿ. 2000 ಆರ್‌ಪಿಎಂನಲ್ಲಿ ಸಿಗುವ ಹೊತ್ತು 4000ದಲ್ಲಿ ಸಿಗುವುದರ ಎರಡರಷ್ಟು. ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ ಆಗಿದ್ದರೆ ಅಷ್ಟು ಕೆಳಗೆ ಬೂಸ್ಟ್ ಹೆಚ್ಚು ಇರುತ್ತಿರಲಿಲ್ಲ, ಅದು ವೇಗದ ಜೊತೆ ಏರುವಂಥದ್ದು. ರೂಟ್ಸ್, ಸ್ಕ್ರೂ ಮಾದರಿಗಳು ಕೆಳಗಿನಿಂದಲೇ ತುಂಬಿ ಕೊಡುತ್ತವೆ. ಎಳೆಯಲು ಅದೇ ಬೇಕು ಅಂತ ನಾನು ಆರಿಸಿದ್ದು. ಅದೇ ಮುಳುವಾಯಿತು. ಬಲ ಅಳೆಯುವ ಡೈನೋ ಯಂತ್ರದ ಮೇಲೆ ಗಾಡಿ ನಿಲ್ಲಿಸಿ ಹತ್ತು ಹನ್ನೆರಡು ಸೆಕೆಂಡ್ ಓಡಿಸಿ, ನಾಕ್ ಇಲ್ಲ ನೋಡಿ ಅಂತ ತೋರಿಸುವುದು ಟ್ರಕ್ಕಿಗೆ ಪರೀಕ್ಷೆಯೇ ಅಲ್ಲ. ಇಂಟರ್‌ಕೂಲರಿನ ನೀರು ಕಾಯುವಷ್ಟು ಹೊತ್ತೂ ಅದು ನಡೆಯುವುದಿಲ್ಲ.

ನಾಕ್ ಸೆನ್ಸರ್ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು, ಎರಡು ಇದ್ದವು. ಬ್ಲಾಕಿಗೆ ಬೋಲ್ಟ್ ಮಾಡಿದ ಸಣ್ಣ ಬಿಲ್ಲೆ. ಒಳಗೆ ಪೀಜೋ ಹರಳು, ಅದುರಿದರೆ ವೋಲ್ಟೇಜ್ ಕೊಡುತ್ತದೆ. ಕಂಪ್ಯೂಟರ್ ಅದನ್ನು ಕೇಳಿಸಿಕೊಂಡು ಟೈಮಿಂಗ್ ಹಿಂದಕ್ಕೆ ತೆಗೆಯುತ್ತದೆ, ಅಂದರೆ ಕಿಡಿಯನ್ನು ತಡ ಮಾಡುತ್ತದೆ. ಎಂಜಿನ್ ಕೆಟ್ಟ ಮೇಲೆ ನಾನು ಲ್ಯಾಪ್‌ಟಾಪ್ ಹಿಡಿದು ಕೂತೆ. ಮೂರು ತಿಂಗಳು ರಾತ್ರಿ ರಾತ್ರಿ ಕೂತು ಆ ಫೈಲ್ ಓದುವುದನ್ನು ಕಲಿತೆ. ಮೂಲ ಫೈಲಿನ ಪಕ್ಕದಲ್ಲಿ ತರಿಸಿದ ಫೈಲ್ ಇಟ್ಟು ಒಂದೊಂದೇ ಟೇಬಲ್ ನೋಡಿದೆ. ನಾಕ್ ಸೆನ್ಸರಿನ ಕಿವಿ ಮಂದ ಮಾಡಿಟ್ಟಿದ್ದರು. ಸೂಪರ್‌ಚಾರ್ಜರಿನ ಗೇರಿನ ಸದ್ದನ್ನೇ ನಾಕ್ ಅಂದುಕೊಂಡು ಕಂಪ್ಯೂಟರ್ ಸುಮ್ನೆ ಟೈಮಿಂಗ್ ತೆಗೆಯಬಾರದು ಅಂತ ಹೀಗೆ ಮಾಡುವುದುಂಟು. ಕಾರಣ ಇದೆ, ಒಪ್ಪುತ್ತೇನೆ. ಆದರೆ ಕಾವಲು ನಾಯಿಯ ಬಾಯಿ ಕಟ್ಟಿದ್ದೇವೆ ಅಂತ ಮನೆಯವನಿಗೆ ಒಂದು ಮಾತು ಹೇಳಬೇಡವೇ? ಇದೊಂದು ವಿಷಯಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಪತ್ರ ಬರೆದು ಕೇಳಿದೆ. ಉತ್ತರ ಬರಲಿಲ್ಲ.

ಸರಿ, ಎಂಜಿನ್ ಹೇಗಿದ್ದರೂ ಬಿಚ್ಚಿದೆ. ಈ ಸಲ ಒಂದು ತೀರ್ಮಾನ ಮಾಡಿಕೊಂಡೆ. ನನಗೆ ಸಿಗುವ ಅತಿ ಕಡಿಮೆ ಪೆಟ್ರೋಲಿಗೆ ಈ ಗಾಡಿ ಹೊಂದಬೇಕು. ಒಳ್ಳೆಯದು ಸಿಕ್ಕ ದಿನ ಸಿಕ್ಕಿತು.

ಮೊದಲು ಕಂಪ್ರೆಷನ್, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಅಂಕಿ. 9.8 ಇದ್ದದ್ದನ್ನು 8.8ಕ್ಕೆ ಇಳಿಸಿದೆ. ನನ್ನ ಕಸುಬಿನವರಿಗೆ ಇಲ್ಲೊಂದು ಮಾತು ಹೇಳಬೇಕು. ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಇಳಿಸುವ ಚಾಳಿ ಇದೆ. ಬೇಡ. ಪಿಸ್ಟನ್ ಮೇಲೆ ಬಂದಾಗ ಹೆಡ್ಡಿನ ಚಪ್ಪಟೆ ಭಾಗಕ್ಕೂ ಪಿಸ್ಟನ್ನಿಗೂ ನಡುವೆ ಒಂದು ಮಿಲಿಮೀಟರ್ ಸುಮಾರು ಸಂದು ಇರಬೇಕು. ಆ ಇಕ್ಕಟ್ಟಿನಿಂದ ಮಿಶ್ರಣ ಚಿಮ್ಮಿ ಬಂದು ಕಲಕುತ್ತದೆ, ಬೆಂಕಿ ಬೇಗ ಹರಡುತ್ತದೆ. ಗ್ಯಾಸ್ಕೆಟ್ ದಪ್ಪ ಮಾಡಿದರೆ ಸಂದು ದೊಡ್ಡದಾಗುತ್ತದೆ, ಕಲಕುವುದು ನಿಲ್ಲುತ್ತದೆ, ಮೂಲೆಯಲ್ಲಿ ಮಿಶ್ರಣ ಸುಮ್ನೆ ಬೇಯುತ್ತಾ ಕೂರುತ್ತದೆ. ಕಂಪ್ರೆಷನ್ ಇಳಿದರೂ ನಾಕ್ ಇಳಿಯುವುದಿಲ್ಲ. ನಾನು ತಲೆ ತಗ್ಗಾದ ಪಿಸ್ಟನ್ ಹಾಕಿದೆ. ತಗ್ಗು ಕಿಡಿಯ ಕೆಳಗೆ ಮಾತ್ರ. ಚಪ್ಪಟೆ ಅಂಚು ಹಾಗೇ ಉಳಿಯಿತು.

ಆಮೇಲೆ ಪುಲ್ಲಿ. ಸೂಪರ್‌ಚಾರ್ಜರಿನ ಪುಲ್ಲಿ 76 ಮಿಲಿಮೀಟರ್ ಇತ್ತು. ಲೇತ್ ಮನೆಯಲ್ಲೇ ಇದೆಯಲ್ಲ, 86 ಮಿಲಿಮೀಟರಿನದು ನಾನೇ ಕಡೆದೆ. ಪುಲ್ಲಿ ದೊಡ್ಡದಾದರೆ ಬ್ಲೋವರ್ ನಿಧಾನ ತಿರುಗುತ್ತದೆ. ಬೂಸ್ಟ್ 8ರಿಂದ 5ರ ಸುಮಾರಿಗೆ ಬಂತು. ಗಾಳಿಯ ಬಿಸಿ ಇಪ್ಪತ್ತು ಡಿಗ್ರಿಗೂ ಹೆಚ್ಚು ತಗ್ಗಿತು. ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಉಪಾಯ ಬೇರೆ ಇಲ್ಲ. ಇಂಟರ್‌ಕೂಲರಿನ ನೀರಿನ ಪಂಪ್ ಬಿಚ್ಚಿ ನೋಡಿದರೆ ಪೈಪಿನ ಎತ್ತರದ ಬಾಗಿನಲ್ಲಿ ಗಾಳಿ ಕಟ್ಟಿಕೊಂಡಿತ್ತು. ಪೈಪ್ ಜೋಡಿಸಿದವನು ನಾನೇ. ಅದು ನನ್ನ ತಪ್ಪು, ಟ್ಯೂನರ್ ತಲೆಗೆ ಕಟ್ಟುವುದಿಲ್ಲ.

ಟೈಮಿಂಗ್ ಕೆಲಸಕ್ಕೆ ಎರಡು ವಾರ ಹಿಡಿಯಿತು. ತರಿಸಿದ ಫೈಲಿನಲ್ಲಿ ಪೂರ್ತಿ ಲೋಡಿಗೆ 18 ಡಿಗ್ರಿ ಅಡ್ವಾನ್ಸ್ ಇತ್ತು, ಅಂದರೆ ಪಿಸ್ಟನ್ ಮೇಲೆ ಮುಟ್ಟಲು ಕ್ರ್ಯಾಂಕ್ ಇನ್ನೂ ಅಷ್ಟು ಡಿಗ್ರಿ ತಿರುಗಬೇಕಿರುವಾಗಲೇ ಕಿಡಿ. ನಾನು 9ರಿಂದ ಶುರು ಮಾಡಿದೆ. ಒಂದು ಬಾರಿಗೆ ಒಂದೇ ಡಿಗ್ರಿ. ಪ್ರತಿ ಸಲವೂ ಅದೇ ಏರು, ಅದೇ ಟ್ರೇಲರ್, ಅದೇ ಗಿಯರ್. ಕಿವಿಗೆ ನನ್ನದೇ ಒಂದು ಸಾಧನ: ಗೇಣುದ್ದದ ತಾಮ್ರದ ಕೊಳವೆ, ಒಂದು ತುದಿ ಜಜ್ಜಿ ತೂತು ಹಾಕಿ ಬ್ಲಾಕಿಗೆ ಬೋಲ್ಟ್ ಮಾಡಿದ್ದು. ಇನ್ನೊಂದು ತುದಿಯಿಂದ ರಬ್ಬರ್ ಪೈಪ್ ಕ್ಯಾಬಿನ್ನಿನೊಳಗೆ ಬಂದು ಕಿವಿ ಮುಚ್ಚುವ ಮಫ್ಫಿಗೆ ಸೇರುತ್ತದೆ. ಡಾಕ್ಟರ ಸ್ಟೆಥಸ್ಕೋಪಿನ ತಮ್ಮ. ಗಾಡಿ ಓಡಿಸುತ್ತಿದ್ದವಳು ನನ್ನ ಮಗಳು, ಕಿವಿ ಕೊಟ್ಟು ಕೂತವನು ನಾನು. ಒಬ್ಬರೇ ಎರಡೂ ಮಾಡಬಾರದು. 14 ಡಿಗ್ರಿಗೆ ಆಲಿಕಲ್ಲು ಒಂದೊಂದಾಗಿ ಬೀಳತೊಡಗಿತು. ಮಗಳಿಗೆ ಕಿವಿಯಿಂದ ಏನೂ ಕೇಳಿಸಿರಲಿಲ್ಲ, ನನಗೆ ಕೊಳವೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮೂರು ಡಿಗ್ರಿ ಹಿಂದಕ್ಕೆ ತೆಗೆದು 11ಕ್ಕೆ ನಿಲ್ಲಿಸಿದೆ.

ಹಾಗಂತ ಟೈಮಿಂಗ್ ಒಂದನ್ನೇ ಹಿಂದಕ್ಕೆ ತೆಗೆಯುತ್ತಾ ಹೋಗುವುದೂ ಸರಿಯಲ್ಲ. ಕಿಡಿ ತಡವಾದಷ್ಟೂ ಬೆಂಕಿ ಎಕ್ಸಾಸ್ಟ್ ಕಡೆಗೆ ಹೋಗುತ್ತದೆ. ವಾಲ್ವ್ ಸುಡುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಕೆಂಪಗಾಗುತ್ತದೆ. 8 ಪಿಎಸ್‌ಐ ಬೂಸ್ಟ್ ಹಾಗೇ ಇಟ್ಟುಕೊಂಡು ಟೈಮಿಂಗಿನಲ್ಲೇ ಎಲ್ಲ ಸರಿ ಮಾಡುತ್ತೇವೆ ಅನ್ನುವವರನ್ನು ನಂಬಬೇಡಿ. ನಾನು ಮೊದಲು ಪುಲ್ಲಿ ಬದಲಿಸಿದ್ದು ಅದಕ್ಕೇ.

ಮಿಕ್ಸ್ಚರ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಾದಾ ಓಟಕ್ಕೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಬೂಸ್ಟಿನಲ್ಲಿ 11.7ಕ್ಕೆ ಇಳಿಸಿದೆ. ಹೆಚ್ಚಿನ ಪೆಟ್ರೋಲ್ ಆವಿಯಾಗುತ್ತಾ ಬಿಸಿ ಹೀರಿಕೊಳ್ಳುತ್ತದೆ. ಮಿಶ್ರಣದ ಹದ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಊಹೆಯಲ್ಲಿ ಇದನ್ನು ಮಾಡಲೇಬೇಡಿ. ಪ್ಲಗ್ ಒಂದು ಹೆಜ್ಜೆ ತಂಪಿನದು, ಗ್ಯಾಪ್ 1.2ರಿಂದ 0.8 ಮಿಲಿಮೀಟರಿಗೆ. ಬೂಸ್ಟಿನ ಒತ್ತಡದಲ್ಲಿ ಕಿಡಿ ದೂರ ಹಾರಲಾರದು. ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿಯನ್ನು ಹಿಡಿಯಲು ಒಂದು ಡಬ್ಬಿ ಹಾಕಿದೆ. ಆಯಿಲ್ ಸೇರಿದ ಗಾಳಿ ಪೆಟ್ರೋಲಿನ ಆಕ್ಟೇನನ್ನು ಕೆಡಿಸುತ್ತದೆ. ಎರಡು ತಿಂಗಳಿಗೆ ಅರ್ಧ ಲೋಟ ಕಪ್ಪು ಆಯಿಲ್ ಸಿಕ್ಕಿತು. ಇಷ್ಟು ದಿನ ಅದೆಲ್ಲ ಸಿಲಿಂಡರಿಗೆ ಹೋಗುತ್ತಿತ್ತು ನೋಡಿ.

ಕೊನೆಗೆ ಗಾಳಿಯ ಬಿಸಿಗೆ ತಕ್ಕ ಹಾಗೆ ಟೈಮಿಂಗ್ ಇಳಿಸುವ ಟೇಬಲ್. ಇದನ್ನು ಬಹಳ ಜನ ಖಾಲಿ ಬಿಡುತ್ತಾರೆ. ಒಳಗೆ ಹೋಗುವ ಗಾಳಿ 50 ಡಿಗ್ರಿ ದಾಟಿದ ಮೇಲೆ ಪ್ರತಿ 5 ಡಿಗ್ರಿಗೆ ಟೈಮಿಂಗ್ ಒಂದು ಡಿಗ್ರಿ ಕಡಿಮೆ ಆಗುವ ಹಾಗೆ ತುಂಬಿದೆ. ನಾಕ್ ಸೆನ್ಸರಿನ ಕಿವಿಯನ್ನೂ ಮತ್ತೆ ತೆರೆದೆ. ಗೇರಿನ ಸದ್ದಿಗೆ ಅದು ಬೆಚ್ಚಿಬೀಳುವ ಆರ್‌ಪಿಎಂ ಯಾವುದು ಅಂತ ಕೊಳವೆಯಲ್ಲಿ ಕೇಳಿ ಖಚಿತ ಮಾಡಿಕೊಂಡು, ಅಷ್ಟು ಜಾಗದಲ್ಲಿ ಮಾತ್ರ ತಗ್ಗಿಸಿದೆ.

ಬಲ ಕಡಿಮೆ ಆಯಿತೇ? ಆಯಿತು, ಮುಚ್ಚಿಡುವುದೇನು. ಖಾಲಿ ಗಾಡಿಯಲ್ಲಿ ಮೊದಲಿನ ಎಗರಾಟ ಇಲ್ಲ. ಆದರೆ ಏರಿನಲ್ಲಿ ಕೊನೆಯವರೆಗೆ ಒಂದೇ ಹದದಲ್ಲಿ ಎಳೆಯುತ್ತದೆ. ನಾನೂ ಈಗ ಗಿಯರ್ ಇಳಿಸಿ 3200 ಆರ್‌ಪಿಎಂನಲ್ಲಿ ಹತ್ತುತ್ತೇನೆ. ಸದ್ದು ಜಾಸ್ತಿ, ಎಂಜಿನ್ನಿಗೆ ಸುಖ.

ಬಾಟಲಿಯಲ್ಲಿ ಬರುವ ಆಕ್ಟೇನ್ ಬೂಸ್ಟರ್ ಬಗ್ಗೆಯೂ ನಿಮ್ಮ ಬರಹದಲ್ಲಿ ಒಂದು ಸಾಲು ಇತ್ತು. ಹತ್ತು ಪಾಯಿಂಟ್ ಏರುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಎಚ್ಚರ. ಆ ವ್ಯಾಪಾರದಲ್ಲಿ ಒಂದು ಪಾಯಿಂಟ್ ಅಂದರೆ ಸಾಮಾನ್ಯವಾಗಿ ಆಕ್ಟೇನಿನ ಹತ್ತನೇ ಒಂದು ಪಾಲು. ಹತ್ತು ಪಾಯಿಂಟ್ ಅಂದರೆ 91 ಹೋಗಿ 92, ಅಷ್ಟೇ. ನೀರು ಮೆಥನಾಲ್ ಸಿಂಪಡಿಸುವ ಕಿಟ್ ನಿಜವಾಗಿ ಕೆಲಸ ಮಾಡುತ್ತದೆ, ಯುದ್ಧ ವಿಮಾನಗಳಲ್ಲೂ ಅದನ್ನು ಬಳಸಿದ್ದರು. ಆದರೆ ಅದನ್ನೇ ನಂಬಿ ಟೈಮಿಂಗ್ ಏರಿಸಿದವನ ಟ್ಯಾಂಕ್ ಏರಿನ ಮಧ್ಯದಲ್ಲಿ ಖಾಲಿಯಾದರೆ ನನ್ನ ಹತ್ತಿರ ಒಬ್ಬ ಗಿರಾಕಿ ಹೆಚ್ಚಾಗುತ್ತಾನೆ. ಟ್ಯಾಂಕ್ ಬರಿದಾದ ಕೂಡಲೇ ಬೂಸ್ಟ್ ಇಳಿಸುವ ಸ್ವಿಚ್ ಇದ್ದರೆ ಮಾತ್ರ ಹಾಕಿಸಿ. ನಾನು ಹಾಕಲಿಲ್ಲ.

ಹಳೆಯ ಕಾಲದಲ್ಲಿ ನಾಕಿಂಗಿಗೆ ಸುಲಭದ ಮದ್ದು ಇತ್ತು. 1921ರಲ್ಲಿ ಥಾಮಸ್ ಮಿಜ್‌ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಸೇರಿಸಿ ನಾಕ್ ನಿಲ್ಲಿಸಿದರು. ಆ ವಿಷ ಕಾರುಗಳ ಪೆಟ್ರೋಲಿನಿಂದ ಪ್ರಪಂಚದ ಎಲ್ಲ ದೇಶಗಳಲ್ಲೂ ಹೋಗಲು 2021ರವರೆಗೆ ಕಾಯಬೇಕಾಯಿತು. ನೂರು ವರ್ಷ. ನನ್ನ ಗುರುಗಳು ಸೀಸದ ಬೂದಿ ಮೆತ್ತಿದ ಪ್ಲಗ್ಗನ್ನು ಬರಿಗೈಯಲ್ಲಿ ಕೆರೆಯುತ್ತಿದ್ದರು. ಸುಲಭದ ಮದ್ದು ಅಂದರೆ ನನಗೆ ಅವರ ಕೈ ನೆನಪಾಗುತ್ತದೆ.

ಸಂಪಾದಕರೇ, ನನ್ನ ಕೋರಿಕೆ ದೊಡ್ಡದಲ್ಲ. ಇನ್ನು ಮುಂದೆ ನಿಮ್ಮ ಪುಟದಲ್ಲಿ ಆಕ್ಟೇನ್ ಅಂಕಿ ಹಾಕುವಾಗ ಅದು ರಿಸರ್ಚ್ ಲೆಕ್ಕವೋ ಸರಾಸರಿ ಲೆಕ್ಕವೋ ಅಂತ ಪಕ್ಕದಲ್ಲೇ ಬರೆಯಿರಿ. ಬೇರೆ ದೇಶದ ಗಾಡಿಗಳ ಬಗ್ಗೆ ಬರೆಯುವಾಗಲಂತೂ ಬಿಡಲೇಬೇಡಿ. ಟ್ಯೂನಿಂಗ್ ಮಾಡುವವರು ಈ ಪತ್ರ ಓದಿದರೆ ಅವರಿಗೂ ಒಂದು ಮಾತು. ಕೊಡುವ ಫೈಲಿನ ಜೊತೆ ಒಂದು ಹಾಳೆ ಕೊಡಿ. ಯಾವ ಲೆಕ್ಕದ ಎಷ್ಟು ಆಕ್ಟೇನ್, ಎಷ್ಟು ಬೂಸ್ಟ್, ಪೂರ್ತಿ ಲೋಡಿನಲ್ಲಿ ಎಷ್ಟು ಟೈಮಿಂಗ್, ನಾಕ್ ಸೆನ್ಸರಿಗೆ ಏನು ಮಾಡಿದ್ದೀರಿ, ಎಲ್ಲ ಅದರಲ್ಲಿ ಇರಲಿ. ಭಾರ ಎಳೆಯುವ ಗಾಡಿಯಾದರೆ ಕಡಿಮೆ ಆಕ್ಟೇನಿಗೆ ಇನ್ನೊಂದು ಫೈಲನ್ನೂ ಜೊತೆಗೇ ಕೊಡಿ. ನಾನು ಗಿರಾಕಿಗೆ ಬೋರ್ ಮಾಡಿಕೊಟ್ಟಾಗ ಎಂಟೂ ಸಿಲಿಂಡರಿನ ಅಳತೆಯನ್ನು ಮೈಕ್ರಾನ್ ಲೆಕ್ಕದಲ್ಲಿ ಬರೆದು ಕೊಡುತ್ತೇನೆ. ಅವರು ಬರೆದು ಕೊಟ್ಟರೆ ಏನು ಕಳೆದುಕೊಳ್ಳುತ್ತಾರೆ?

ನನ್ನ ಪಿಕಪ್ಪಿನ ಪೆಟ್ರೋಲ್ ಮುಚ್ಚಳದ ಒಳಗೆ ಮಗಳು ಬಿಳಿ ಪೇಂಟಿನಲ್ಲಿ ಬರೆದಿದ್ದಾಳೆ: ರಿಸರ್ಚ್ 91 ಸಾಕು, 5 ಪಿಎಸ್‌ಐ, 11 ಡಿಗ್ರಿ. ಅದರ ಕೆಳಗೆ ಸಣ್ಣದಾಗಿ, ಗಿಯರ್ ಇಳಿಸಪ್ಪ, ಅಂತಲೂ ಇದೆ.

ಇಂತಿ ನಿಮ್ಮ ಓದುಗ,
ಒಬ್ಬ ಎಂಜಿನ್ ಬೋರಿಂಗ್ ಕೆಲಸಗಾರ